ಹಲವರ ಪೆಟ್ಟು, ಒಬ್ಬನ ಗಾಯ: ಗುಂಪು ಹಲ್ಲೆಯ ಅಪರಾಧಿಗಳಿಗೆ ಕ್ಷಮಾದಾನ ಬೇಡವೆಂದವರ ಚರಿತ್ರೆ

ಪೀಠಿಕೆ

ಅಣ್ಣಿಗೇರಿಯಿಂದ ಮೂಡಣಕ್ಕೆ ಗದಗ ದಾಟಿ ಹೋದರೆ ಕೋಟುಮಚಗಿ ಸಿಗುತ್ತದೆ. ಈಗ ಅದು ಗದಗ ಜಿಲ್ಲೆಯ ಊರು. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿಯ 1012ರ ಶಾಸನ ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ್ದು. ಅಗ್ರಹಾರದ ಕಟ್ಟುಪಾಡುಗಳ ನಡುವೆ ಜಗಳಕ್ಕೆ ಹಾಕಬೇಕಾದ ದಂಡದ ಪಟ್ಟಿಯನ್ನೂ ಅದರಲ್ಲಿ ಕೊರೆದಿದ್ದಾರೆ. ಬೈದರೆ 2 ಪಣ, ಹೊಡೆದರೆ 12 ಪಣ, ಕಠಾರಿ ಹಿರಿದರೆ 3 ಗದ್ಯಾಣ, ಇರಿದರೆ 12 ಗದ್ಯಾಣ. ಕಠಾರಿ ಯಾರ ಮೈಗೂ ತಾಗಬೇಕಿಲ್ಲ, ಒರೆಯಿಂದ ಹೊರಬಂದರೆ ಸಾಕು, ದಂಡ ಬೀಳುತ್ತದೆ. ಜಗಳ ಒಂದೊಂದೇ ಮೆಟ್ಟಿಲು ಏರುತ್ತದೆ ಎಂಬುದನ್ನು ಕಂಡವರು ಮಾತ್ರ ಇಂಥ ಪಟ್ಟಿ ಬರೆಯಬಲ್ಲರು.

ನಮ್ಮ ನಾಡಿನ ನ್ಯಾಯದ ಚರಿತ್ರೆ ಬರೆಯುವವರು ಶಿಕ್ಷೆಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಶಿಕ್ಷೆಯನ್ನು ಬಿಟ್ಟುಕೊಟ್ಟ ಚರಿತ್ರೆಯ ಕಡೆ ಅಷ್ಟು ಗಮನ ಹೋಗಿಲ್ಲ. ಹಾಗೆ ಬಿಟ್ಟುಕೊಡುವಾಗ ಎದುರು ನಿಂತು "ಬೇಡ" ಎಂದವರ ಚರಿತ್ರೆಯಂತೂ ತೀರಾ ತೆಳು. ಈ ಲೇಖನ ಅವರನ್ನು ಕುರಿತದ್ದು. ಬಹಿರಂಗ ಜಾಗದಲ್ಲಿ ಗುಂಪುಗೂಡಿ ಬಡಿದವರಿಗೆ ಕ್ಷಮಾದಾನ ಸಿಗಬಾರದೆಂಬ ವಾದ ಎಲ್ಲಿಂದ ಬಂತು, ಅದಕ್ಕೆ ಕಾನೂನಿನಲ್ಲಿ ಎಷ್ಟು ಜಾಗ ಸಿಕ್ಕಿತು ಎಂಬುದನ್ನು ಧಾರವಾಡ ಸೀಮೆಯನ್ನು ನಡುವಿಟ್ಟುಕೊಂಡು ನೋಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಾಚೀನ ಧರ್ಮಶಾಸ್ತ್ರ ಹೊಡೆದವರ ಸಂಖ್ಯೆ ಹೆಚ್ಚಿದಂತೆ ಅಪರಾಧವೂ ಹೆಚ್ಚಿತೆಂದು ಎಣಿಸಿತು; ಇಂದಿನ ರಾಜಕಾರಣ ಅದೇ ಸಂಖ್ಯೆಯನ್ನು ಕನಿಕರಕ್ಕೆ ಕಾರಣವಾಗಿ ಮುಂದಿಡುತ್ತಿದೆ.

ಮಿತಾಕ್ಷರದ ಲೆಕ್ಕ

ಕೋಟುಮಚಗಿಯ ಶಾಸನವಾದ ಹಲವು ದಶಕಗಳ ನಂತರ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ಕಲ್ಯಾಣದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಷಯದಲ್ಲಿ ಅದರ ಹೆಸರು ಇಂದಿಗೂ ನ್ಯಾಯಾಲಯಗಳಲ್ಲಿ ಕೇಳಿಬರುತ್ತದೆ. ಅದರ ದಂಡಪಾರುಷ್ಯದ ಭಾಗವನ್ನು, ಅಂದರೆ ಹೊಡೆದಾಟದ ಪ್ರಕರಣವನ್ನು, ಓದುವವರು ಕಡಿಮೆ.

ಯಾಜ್ಞವಲ್ಕ್ಯ ಅಲ್ಲಿ ಎರಡು ಮಾತು ಹೇಳುತ್ತಾನೆ. ಹಲವರು ಸೇರಿ ಒಬ್ಬನನ್ನು ಹೊಡೆದರೆ, ಆ ಪೆಟ್ಟಿಗೆ ವಿಧಿಸಿದ ದಂಡ ಇಮ್ಮಡಿಯಾಗಬೇಕು. ಗಾಯಗೊಂಡವನು ಎದ್ದು ಓಡಾಡುವಂತಾಗುವವರೆಗಿನ ಉಪಚಾರದ ವೆಚ್ಚವನ್ನು ಹೊಡೆದವನೇ ಕೊಡಬೇಕು. ಇದಕ್ಕೆ ಸಮುತ್ಥಾನ ವ್ಯಯ ಎಂದು ಹೆಸರು. ಕೌಟಿಲ್ಯನ ಅರ್ಥಶಾಸ್ತ್ರವೂ ಗುಂಪಿನ ಪ್ರತಿಯೊಬ್ಬನಿಗೂ ಇಮ್ಮಡಿ ದಂಡ ಹೇಳುತ್ತದೆ. ಹತ್ತು ಜನ ಹೊಡೆದರೆ ದಂಡವನ್ನು ಹತ್ತು ಪಾಲು ಮಾಡಿ ಹಂಚುವಂತಿಲ್ಲ. ಹತ್ತೂ ಜನ ಇಮ್ಮಡಿ ತೆರಬೇಕು. ಒಬ್ಬನಿಗೊಬ್ಬ ಎದುರಾದಾಗ ಏಟು ತಿನ್ನುವವನಿಗೆ ತಿರುಗಿ ನಿಲ್ಲುವ ಅವಕಾಶವಾದರೂ ಇರುತ್ತದೆ. ಹಲವರು ಮುತ್ತಿದಾಗ ಅದೂ ಇಲ್ಲ. ಇಮ್ಮಡಿ ದಂಡದ ತರ್ಕ ಇಲ್ಲಿದೆ ಎಂದು ನಾನು ತಿಳಿಯುತ್ತೇನೆ.

ಈ ಗ್ರಂಥಗಳನ್ನು ಆದರ್ಶವೆಂದು ಎತ್ತಿ ಹಿಡಿಯಲು ನಾನು ಹೊರಟಿಲ್ಲ. ವರ್ಣ ನೋಡಿ ದಂಡ ಏರಿಸಿ ಇಳಿಸಿದ ಅನ್ಯಾಯವೂ ಅವುಗಳಲ್ಲೇ ಇದೆ. ಆದರೆ ಗುಂಪು ಎಂಬುದು ಅಪರಾಧದ ತೂಕ ಹೆಚ್ಚಿಸುತ್ತದೆ ಎಂಬ ತಿಳಿವಳಿಕೆ ಈ ಮಣ್ಣಿಗೆ ಹೊಸದಲ್ಲ ಎಂಬುದಕ್ಕೆ ಅವು ಸಾಕ್ಷಿ.

ಆಳುವವರ ಕ್ಷಮೆ ಎಲ್ಲಿಗೆ ನಿಂತಿತು

1858ರ ಮೇ ಕೊನೆಯಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅದೇ ವರ್ಷ ನವೆಂಬರ್ 1ರ ರಾಣಿಯ ಘೋಷಣೆ ದಂಗೆಯೆದ್ದವರಿಗೆ ಕ್ಷಮೆ ನೀಡಿತಾದರೂ ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಪಾಲ್ಗೊಂಡವರನ್ನು ಹೊರಗಿಟ್ಟಿತು. ದಂಗೆಯಲ್ಲಿ ಸತ್ತ ನಮ್ಮವರ ಲೆಕ್ಕ ಆ ಘೋಷಣೆಯಲ್ಲಿ ಇರಲಿಲ್ಲ. ಕ್ಷಮಿಸುವ ಅಧಿಕಾರವುಳ್ಳವನು ಯಾರ ರಕ್ತವನ್ನು ಎಣಿಸುತ್ತಾನೆ ಎಂಬ ಪ್ರಶ್ನೆ ಅಂದೇ ಹುಟ್ಟಿತು, ಇಂದಿಗೂ ತೀರಿಲ್ಲ.

1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಬೇರೆ ಬಗೆಯ ಗೆರೆ ಕಾಣುತ್ತದೆ. ಕಾನೂನುಭಂಗ ಚಳವಳಿಯಲ್ಲಿ ಸೆರೆಯಾದವರ ಬಿಡುಗಡೆಗೆ ಸರ್ಕಾರ ಒಪ್ಪಿತು. ಹಿಂಸೆಯ ಅಥವಾ ಹಿಂಸೆಗೆ ಪ್ರಚೋದಿಸಿದ ಅಪರಾಧದಲ್ಲಿ ಶಿಕ್ಷೆಯಾದವರು ಅದರಲ್ಲಿ ಸೇರಲಿಲ್ಲ. ಭಗತ್ ಸಿಂಗ್ ಮತ್ತು ಸಂಗಡಿಗರ ಗಲ್ಲನ್ನು ನೆನೆದಾಗ ಈ ಗೆರೆಯ ನೋವೂ ನಮಗೆ ಗೊತ್ತು. ಆದರೂ ಉಪ್ಪು ಮಾಡಿದವನ ಬಿಡುಗಡೆ ಬೇರೆ, ಮತ್ತೊಬ್ಬನ ತಲೆ ಒಡೆದವನ ಬಿಡುಗಡೆ ಬೇರೆ ಎಂಬ ವ್ಯತ್ಯಾಸ ಅಲ್ಲಿ ಲಿಖಿತವಾಗಿ ಉಳಿಯಿತು.

ಮೂರು ಬಾಗಿಲು

ಸ್ವತಂತ್ರ ಭಾರತದ ಕಾನೂನಿನಲ್ಲಿ ಅಪರಾಧಿ ಅಥವಾ ಆರೋಪಿ ಹೊರಬರಲು, ತೀರ್ಪಿನ ಹೊರತಾಗಿ, ಸರ್ಕಾರದ ಕೈಯಲ್ಲಿ ಮೂರು ಬಾಗಿಲುಗಳಿವೆ. ಸಂವಿಧಾನದ 161ನೇ ವಿಧಿಯಂತೆ ರಾಜ್ಯಪಾಲರ ಕ್ಷಮಾದಾನ ಒಂದು. 2024ರ ಜೂನ್ ಕೊನೆಯವರೆಗೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 432ನೇ ಕಲಮಿನ ಶಿಕ್ಷೆ ಕಡಿತ ಎರಡನೆಯದು. 321ನೇ ಕಲಮಿನಂತೆ ಮೊಕದ್ದಮೆಯನ್ನೇ ಹಿಂಪಡೆಯುವುದು ಮೂರನೆಯದು. ಮೊದಲೆರಡು ತೀರ್ಪಿನ ನಂತರ ತೆರೆದರೆ, ಮೂರನೆಯದು ತೀರ್ಪಿಗೆ ಮುಂಚೆಯೇ ತೆರೆಯುತ್ತದೆ.

ಇವುಗಳ ಪಕ್ಕದಲ್ಲೇ ನಾಲ್ಕನೆಯ ಚಿಕ್ಕ ಬಾಗಿಲೊಂದಿದೆ, ಅದರ ಕೀಲಿ ಸರ್ಕಾರದ ಬಳಿ ಇಲ್ಲ. ಅದೇ ಸಂಹಿತೆಯ 320ನೇ ಕಲಂ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಕೋಷ್ಟಕ ಕೊಟ್ಟು, ಯಾರು ರಾಜಿ ಮಾಡಿಕೊಳ್ಳಬಹುದು ಎಂಬುದನ್ನೂ ಎದುರಿಗೇ ಬರೆದಿತ್ತು. ಸಾದಾ ಗಾಯದ ಮುಂದೆ ಇದ್ದದ್ದು ಗಾಯಗೊಂಡ ವ್ಯಕ್ತಿಯ ಉಲ್ಲೇಖ. ಸಣ್ಣ ಏಟನ್ನು ಕ್ಷಮಿಸುವ ಹಕ್ಕು ತಿಂದವನದೇ ಎಂದು ಕಾನೂನು ಒಪ್ಪಿದೆ. ಐದು ಅಥವಾ ಹೆಚ್ಚು ಜನರ ಕಾನೂನುಬಾಹಿರ ಕೂಟದ ದೊಂಬಿ ಆ ಕೋಷ್ಟಕದಲ್ಲಿರಲಿಲ್ಲ. ಬಹಿರಂಗ ಜಾಗದಲ್ಲಿ ಕಾದಾಡಿ ಶಾಂತಿ ಕದಡುವುದೂ ಇರಲಿಲ್ಲ. ಅವುಗಳಿಂದ ಗಾಯವಾಗುವುದು ಒಬ್ಬನಿಗಾದರೂ ಅಂಜಿಕೆ ಇಡೀ ಸಂತೆಗೆ, ಇಡೀ ಓಣಿಗೆ. ಕುಂದಗೋಳದ ಬಸ್ ನಿಲ್ದಾಣದಲ್ಲೋ ಕಲಘಟಗಿಯ ಸಂತೆಯಲ್ಲೋ ಬಡಿದಾಟವಾದರೆ ಹಿರಿಯರು ಚಾವಡಿಯಲ್ಲಿ ಕುಳಿತು ಎರಡೂ ಕಡೆಯವರ ಕೈ ಕೂಡಿಸಬಹುದು. ಅದರಿಂದ ದೊಂಬಿಯ ಮೊಕದ್ದಮೆ ಮುಗಿಯುವುದಿಲ್ಲ.

ವಿಚಿತ್ರವೆಂದರೆ, ಗಾಯಗೊಂಡವನು ತಾನಾಗಿ ಕ್ಷಮಿಸಲಾಗದ ಇದೇ ದೊಂಬಿಯನ್ನು ಮೂರನೆಯ ಬಾಗಿಲಿನಿಂದ ಸರ್ಕಾರ ಬಿಟ್ಟುಕೊಡಬಲ್ಲದು. ಅರ್ಜಿ ಗೃಹ ಇಲಾಖೆಗೆ ಹೋಗುತ್ತದೆ, ಸಂಪುಟ ಉಪಸಮಿತಿ ನೋಡುತ್ತದೆ, ಸಂಪುಟ ತೀರ್ಮಾನಿಸುತ್ತದೆ, ಆದೇಶ ಹೊರಡುತ್ತದೆ, ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತಾರೆ. ಇಷ್ಟು ದೂರದ ದಾರಿಯಲ್ಲಿ ಪೆಟ್ಟು ತಿಂದವನ ಸಹಿ ಎಲ್ಲಿಯೂ ಬೇಕಾಗಿರಲಿಲ್ಲ.

ನವಲಗುಂದದ ಪ್ರಶ್ನೆ

ಮೊಕದ್ದಮೆ ಹಿಂಪಡೆಯುವುದನ್ನು ಸಾರಾಸಗಟಾಗಿ ತೆಗಳುವವರು ನವಲಗುಂದಕ್ಕೆ ಉತ್ತರ ಹೇಳಬೇಕಾಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ, 1980ರ ಜುಲೈ 21ರಂದು ಪೊಲೀಸರ ಗುಂಡಿಗೆ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಪ್ರತಿ ವರ್ಷ ಆ ದಿನ ರೈತರು ಹುತಾತ್ಮರ ಸ್ಮಾರಕಕ್ಕೆ ಮಾಲೆ ಹಾಕುತ್ತಾರೆ. ಅದೇ ದಿನ ನರಗುಂದದಲ್ಲಿ ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರಿನ ಮಧ್ಯಂತರ ಕೋರಿಕೆಯನ್ನು ತಳ್ಳಿಹಾಕಿದಾಗಲೂ ನವಲಗುಂದ ಹೊತ್ತಿ ಉರಿಯಿತು. ಯಮನೂರಿನಲ್ಲಿ ಪೊಲೀಸರು ಮುದುಕರು, ಹೆಂಗಸರೆನ್ನದೆ ಲಾಠಿ ಬೀಸಿದರು. ರೈತರ ಮೇಲಿನ ಮೊಕದ್ದಮೆ ಹಿಂಪಡೆಯಿರಿ ಎಂಬ ಕೂಗು ಆಗ ಊರೂರಿನಿಂದ ಎದ್ದಿತು.

ಆ ಕೂಗಿನಲ್ಲಿ ನ್ಯಾಯವಿತ್ತು. ಕಚೇರಿಯ ಕಿಟಕಿ ಒಡೆದಾಗ, ಕಡತ ಸುಟ್ಟಾಗ ನಷ್ಟ ಸರ್ಕಾರದ್ದು. ತನ್ನ ನಷ್ಟವನ್ನು ತಾನು ಮನ್ನಾ ಮಾಡುವುದು ಅದಕ್ಕೆ ಬಿಟ್ಟದ್ದು. ತಪ್ಪು ಸರ್ಕಾರದ ಕಡೆಯೂ ಇದ್ದಾಗ ಆ ಮನ್ನಾ ಪ್ರಾಯಶ್ಚಿತ್ತವೂ ಆಗುತ್ತದೆ. ಆದರೆ ನರಗುಂದದಲ್ಲಿ ಸತ್ತ ಪೊಲೀಸನ ಮನೆಯವರ ದುಃಖ ಸರ್ಕಾರದ ಆಸ್ತಿಯಲ್ಲ. ಖಾಕಿ ಬಟ್ಟೆ ಸರ್ಕಾರದ್ದು, ಒಳಗಿದ್ದ ಜೀವ ಅವನದು. ಈ ಮಾತನ್ನು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ತಲುಪಿಸಿದವರು ಕರ್ನಾಟಕದ ಒಬ್ಬ ತಂದೆ.

ಒಬ್ಬ ತಂದೆಯ ತಕರಾರು

ಕಾಡುಗಳ್ಳ ವೀರಪ್ಪನ್ 2000ದ ಜುಲೈ 30ರಂದು ಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಮೈಸೂರಿನ ಸೆರೆಯಲ್ಲಿದ್ದ ಅವನ ಕಡೆಯವರ ಬಿಡುಗಡೆ ಅವನ ಬೇಡಿಕೆಗಳಲ್ಲಿ ಒಂದಾಗಿತ್ತು. ಸರ್ಕಾರ ಒಪ್ಪಿ, ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾದ ಆರೋಪಗಳನ್ನು ಹಿಂಪಡೆಯಲು ಮುಂದಾಯಿತು. ಮೈಸೂರಿನ ವಿಶೇಷ ನ್ಯಾಯಾಲಯ ಅನುಮತಿ ಕೊಟ್ಟಿತು. ಇಡೀ ನಾಡು ಅಣ್ಣಾವ್ರು ಮರಳಿ ಬಂದರೆ ಸಾಕೆಂದು ಉಸಿರು ಹಿಡಿದಿದ್ದ ಹೊತ್ತು ಅದು. ಆಗ ಅಬ್ದುಲ್ ಕರೀಂ ಎಂಬ ನಿವೃತ್ತ ಪೊಲೀಸ್ ಅಧಿಕಾರಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್, 1992ರ ಆಗಸ್ಟ್‌ನಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ತಂಡದ ದಾಳಿಯಲ್ಲಿ ಹತರಾಗಿದ್ದರು.

2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಅನುಮತಿಯನ್ನು ರದ್ದುಮಾಡಿತು. ಸರ್ಕಾರ ಹೇಳಿತೆಂದು ಸರ್ಕಾರಿ ವಕೀಲರು ಅರ್ಜಿ ಹಾಕಿದರೆ ಸಾಲದು, ಅವರು ಸ್ವತಃ ವಿವೇಚಿಸಬೇಕು, ನ್ಯಾಯಾಲಯವೂ ವಿವೇಚಿಸಬೇಕು ಎಂಬುದು ತೀರ್ಪಿನ ತಿರುಳು. ರಾಜ್‌ಕುಮಾರ್ 108 ದಿನಗಳ ನಂತರ, ನವೆಂಬರ್ 15ರಂದು, ಬಿಡುಗಡೆಯಾಗಿ ಬಂದರು. ಅಷ್ಟು ದೊಡ್ಡ ಜನಾಭಿಪ್ರಾಯದ ಎದುರು ಒಬ್ಬ ತಂದೆ ನಿಂತದ್ದನ್ನು ಯಾರಾದರೂ ಹಗೆತನ ಎಂದು ಕರೆದರೆ ಅದು ತಪ್ಪು. ಮಗನ ಸಾವನ್ನು ಚೌಕಾಶಿಯ ತಕ್ಕಡಿಗೆ ಹಾಕಬೇಡಿ ಎಂಬುದಷ್ಟೇ ಅವರ ತಕರಾರಾಗಿತ್ತು.

ಶಿಕ್ಷೆಯಾದ ಮೇಲಿನ ಕ್ಷಮಾದಾನಕ್ಕೂ ಹೀಗೇ ಮಗನೊಬ್ಬ ಅಡ್ಡ ನಿಂತ. ಆಂಧ್ರದ ಕರ್ನೂಲು ಸೀಮೆಯ ಗುಂಪು ರಾಜಕೀಯದ ಹತ್ಯೆ ಪ್ರಕರಣವೊಂದರಲ್ಲಿ 10 ವರ್ಷ ಶಿಕ್ಷೆಯಾದವನಿಗೆ ರಾಜ್ಯಪಾಲರು ಶಿಕ್ಷೆ ಕಡಿತ ಕೊಟ್ಟಿದ್ದರು. ಸತ್ತವರೊಬ್ಬರ ಮಗ ಎಪೂರು ಸುಧಾಕರ್ ಪ್ರಶ್ನಿಸಿದಾಗ, 2006ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಪರಾಧಿ ಆಳುವ ಪಕ್ಷದ ಒಳ್ಳೆಯ ಕಾರ್ಯಕರ್ತ ಎಂಬ ಅಂಶ ವರದಿಗಳಲ್ಲಿ ಸೇರಿತ್ತು. ಪಕ್ಷ, ಜಾತಿ, ಧರ್ಮ ನೋಡಿ ಕೊಟ್ಟ ಕ್ಷಮೆ ಕ್ಷಮೆಯೇ ಅಲ್ಲವೆಂಬ ತತ್ತ್ವ ಅಲ್ಲಿ ಗಟ್ಟಿಯಾಯಿತು.

ಮರಕುಂಬಿ ಮತ್ತು ಹುಬ್ಬಳ್ಳಿ

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ಗುಂಪೊಂದು ದಲಿತರ ಕೇರಿಗೆ ನುಗ್ಗಿ ಹೊಡೆದು, ಗುಡಿಸಲುಗಳಿಗೆ ಬೆಂಕಿ ಇಟ್ಟಿತು. ಸಿನಿಮಾ ಮಂದಿರದ ಬಳಿಯ ತಳ್ಳಾಟ ಕಿಡಿಯಾಗಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲದ್ದು ಒಣಹುಲ್ಲಾಗಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯ 101 ಜನರಿಗೆ ಶಿಕ್ಷೆ ವಿಧಿಸಿತು. 98 ಜನರಿಗೆ ಜೀವಾವಧಿ. ಇಂಥ ಪ್ರಕರಣದಲ್ಲಿ ಕರುಣೆ ತೋರಿದರೆ ನ್ಯಾಯವನ್ನೇ ಅಣಕಿಸಿದಂತೆ ಎಂಬುದು ನ್ಯಾಯಾಧೀಶರ ನಿಲುವಾಗಿತ್ತು. ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬಂತು. ನವೆಂಬರ್‌ನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಮೇಲ್ಮನವಿ ಅವರ ಹಕ್ಕು. ಆದರೆ ತೀರ್ಪಿನ ಸುದ್ದಿ ಓದಿದ ಅನೇಕರ ಬಾಯಲ್ಲಿ ಮೊದಲು ಬಂದದ್ದು "ಅಷ್ಟು ಮಂದಿಗೆ ಜೀವಾವಧಿಯೇ?" ಎಂಬ ಉದ್ಗಾರ. ಅಷ್ಟು ಮಂದಿ ಸೇರಿ ಹೊಡೆದರೇ ಎಂದು ಕೇಳಿದವರು ಕಡಿಮೆ. ಮಿತಾಕ್ಷರದ ಲೆಕ್ಕ ಇಲ್ಲಿ ತಲೆಕೆಳಗಾಗಿದೆ.

2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಸೇರಿದ ಗುಂಪಿನ ಹಿಂಸಾಚಾರದಲ್ಲಿ ಪೊಲೀಸರು ಗಾಯಗೊಂಡರು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಹಿಂಪಡೆಯಲು ತೀರ್ಮಾನಿಸಿದ 43 ಮೊಕದ್ದಮೆಗಳಲ್ಲಿ ಆ ಘಟನೆಯದೂ ಸೇರಿತ್ತು. 2025ರ ಮೇ 29ರಂದು ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಆರೋಪ ಹೊತ್ತವರಲ್ಲಿ ನಿರಪರಾಧಿಗಳು ಇರಬಹುದು. ಹಾಗಿದ್ದರೆ ಅದನ್ನು ಸಾಕ್ಷ್ಯ ನೋಡಿ ಹೇಳಬೇಕಾದದ್ದು ನ್ಯಾಯಾಲಯ. ಯಾವ ಪಕ್ಷದ ಸರ್ಕಾರ ಬಂದರೂ ತನ್ನ ಕಡೆಯವರ ಪಟ್ಟಿ ಹಿಡಿದು ಕೂರುವ ರೂಢಿಗೆ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ಸಮಾರೋಪ

ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂ, ಸಂತ್ರಸ್ತರ ಮಾತು ಕೇಳದೆ ಮೊಕದ್ದಮೆ ಹಿಂಪಡೆಯಲು ನ್ಯಾಯಾಲಯ ಅನುಮತಿ ಕೊಡುವಂತಿಲ್ಲ ಎನ್ನುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ 2016ರಿಂದಲೇ ಜಾಮೀನು, ಪೆರೋಲ್, ಬಿಡುಗಡೆಯ ಕಲಾಪಗಳಲ್ಲಿ ಈ ಹಕ್ಕು ಕೊಟ್ಟಿದೆ. ಮೂರನೆಯ ಬಾಗಿಲಲ್ಲಿ ಪೆಟ್ಟು ತಿಂದವನಿಗೆ ಕೊನೆಗೂ ನಿಲ್ಲಲು ಜಾಗ ಸಿಕ್ಕಿತು. ಎರಡನೆಯ ಬಾಗಿಲಲ್ಲಿ, ಹೊಸ ಸಂಹಿತೆಯ ಶಿಕ್ಷೆ ಕಡಿತದ 473ನೇ ಕಲಮಿನಲ್ಲಿ, ನ್ಯಾಯಾಧೀಶರ ಅಭಿಪ್ರಾಯ ಕೇಳುವ ಮಾತಿದೆ. ಸಂತ್ರಸ್ತರನ್ನು ಕೇಳುವ ಮಾತಿಲ್ಲ.

ಕಾಯಿಲೆಯಿಂದ ಹಾಸಿಗೆ ಹಿಡಿದ ಕೈದಿಯನ್ನು, ನಿಜವಾಗಿ ಬದಲಾದ ಮುದುಕನನ್ನು ಮನೆಗೆ ಕಳಿಸಬಾರದೆಂದು ನಾನು ಹೇಳುವುದಿಲ್ಲ. ಆದರೆ ಗುಂಪು ಹಲ್ಲೆಯ ಅಪರಾಧಿಗಳನ್ನು ಹಲವರಿದ್ದಾರೆಂಬ ಕಾರಣಕ್ಕೆ ಬಿಡುವುದನ್ನು ವಿರೋಧಿಸುತ್ತೇನೆ. ಹಲವರೆಂದರೆ ಹಲವು ಮನೆ, ಹಲವು ಮನೆಯೆಂದರೆ ಹಲವು ಮತ. ಪೆಟ್ಟು ತಿಂದವನ ಮನೆ ಒಂದೇ. ಬೆಂಗಳೂರಿನಲ್ಲಿ ಕಡತ ಚಲಿಸುವಾಗ ನವಲಗುಂದದ ಆ ಒಂದು ಮನೆಗೆ ಕನ್ನಡದಲ್ಲಿ ನೋಟಿಸು ಹೋಗಬೇಕು, ತಕರಾರು ಬರೆದುಕೊಳ್ಳಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರು ಸಿಗಬೇಕು, ಆ ತಕರಾರಿಗೆ ಸರ್ಕಾರದ ಆದೇಶದಲ್ಲಿ ಲಿಖಿತ ಉತ್ತರ ಇರಬೇಕು. ಕೋಟುಮಚಗಿಯವರು ಕಠಾರಿ ಒರೆಯಿಂದ ಹೊರಬಂದದ್ದಕ್ಕೂ ಬೆಲೆ ಬರೆದಿಟ್ಟಿದ್ದರು. ಅದು ಮೈಗೆ ಇಳಿದ ಮೇಲೂ ಗಾಯಗೊಂಡವನನ್ನು ಒಂದು ಮಾತು ಕೇಳದೆ ಲೆಕ್ಕ ಚುಕ್ತಾ ಮಾಡುವ ಅಧಿಕಾರ ಯಾವ ಸರ್ಕಾರಕ್ಕೂ ಇರಕೂಡದು.