ಡೆಸ್ಕ್‌ಟಾಪ್ ನೋಟಿಫಿಕೇಶನ್ ನಿರ್ವಹಣೆ

ಡೆಸ್ಕ್‌ಟಾಪ್ ನೋಟಿಫಿಕೇಶನ್ ನಿರ್ವಹಣೆ: ಕಂಪ್ಯೂಟರಿನ ಪರದೆಯ ಮೇಲೆ ಆ್ಯಪ್‌ಗಳೂ ಜಾಲತಾಣಗಳೂ ಮೂಡಿಸುವ ಕಿರುಸಂದೇಶಗಳಲ್ಲಿ ಯಾವುದು ಕಾಣಬೇಕು, ಯಾವ ಹೊತ್ತಿನಲ್ಲಿ, ಎಷ್ಟು ವಿವರದೊಂದಿಗೆ, ಸದ್ದು ಮಾಡಬೇಕೇ ಬೇಡವೇ ಎಂಬುದನ್ನು ಬಳಕೆದಾರರು ಗೊತ್ತುಮಾಡುವ ಕ್ರಮ. ಒಬ್ಬರೇ ಬಳಸುವ ಕಂಪ್ಯೂಟರಿನಲ್ಲಿ ಇದು ಹೆಚ್ಚಾಗಿ ಏಕಾಗ್ರತೆಗೆ ಸಂಬಂಧಿಸಿದ್ದು. ತುಮಕೂರು ನಗರದ ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿಗಳಲ್ಲಿ, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗ್ರಾಮ ಒನ್ ಕೇಂದ್ರಗಳಲ್ಲಿ ಒಂದೇ ಪರದೆಯ ಮುಂದೆ ದಿನವಿಡೀ ಬೇರೆ ಬೇರೆ ಜನ ಬಂದು ನಿಲ್ಲುತ್ತಾರೆ. ಹಾಗಾಗಿ ಅಲ್ಲಿ ಇದು ಗ್ರಾಹಕರ ಖಾಸಗಿತನಕ್ಕೂ ಹಣದ ಸುರಕ್ಷತೆಗೂ ಸೇರಿದ ವಿಷಯ.

ಬೆಳವಣಿಗೆ

ವಿಂಡೋಸ್ 95ರಲ್ಲಿ (1995) ಗಡಿಯಾರದ ಪಕ್ಕದ ಚಿಕ್ಕ ಐಕಾನ್‌ಗಳೇ ಸೂಚನೆಯ ಜಾಗವಾಗಿದ್ದವು. ವಿಂಡೋಸ್ ಎಕ್ಸ್‌ಪಿ (2001) ಬಳಸಿದವರಿಗೆ ಆ ಮೂಲೆಯಿಂದ ಏಳುತ್ತಿದ್ದ ಹಳದಿ ಬಲೂನುಗಳು ನೆನಪಿರುತ್ತವೆ. ಎಲ್ಲ ಆ್ಯಪ್‌ಗಳ ಸೂಚನೆಯನ್ನು ಒಂದೇ ಕಡೆ ಹತೋಟಿಗೆ ತರುವ ಪ್ರಯತ್ನ ಮ್ಯಾಕ್‌ನಲ್ಲಿ 2004ರಲ್ಲಿ ಬಂದ ‘ಗ್ರೌಲ್’ ತಂತ್ರಾಂಶದಲ್ಲಿ ಕಾಣುತ್ತದೆ. ಆ್ಯಪಲ್ ತನ್ನದೇ ನೋಟಿಫಿಕೇಶನ್ ಸೆಂಟರನ್ನು 2012ರಲ್ಲಿ ಮ್ಯಾಕ್‌ಗೆ ತಂದಿತು. ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಲ್ಲಿ ಆ್ಯಕ್ಷನ್ ಸೆಂಟರ್ ಸೇರಿಸಿತು. ಲಿನಕ್ಸ್‌ನ ಮಾನಕವು ಸೂಚನೆಗಳನ್ನು ತುರ್ತಿನ ಪ್ರಕಾರ ಕಡಿಮೆ, ಸಾಮಾನ್ಯ, ಗಂಭೀರ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸುತ್ತದೆ. ಪುಟ ಮುಚ್ಚಿದ್ದರೂ ಸೂಚನೆ ಕಳಿಸುವ ಸೌಲಭ್ಯ ಜಾಲತಾಣಗಳಿಗೆ ಸಿಕ್ಕಿದ್ದು ಕ್ರೋಮ್‌ನಲ್ಲಿ 2015ರಲ್ಲಿ, ಫೈರ್‌ಫಾಕ್ಸ್‌ನಲ್ಲಿ 2016ರಲ್ಲಿ.

ಕಾರ್ಯವಿಧಾನ

ಆ್ಯಪ್ ತನ್ನ ಸಂದೇಶವನ್ನು ಕಾರ್ಯಾಚರಣಾ ವ್ಯವಸ್ಥೆಗೆ ಒಪ್ಪಿಸುತ್ತದೆ. ಆ ಆ್ಯಪ್‌ಗೆ ಬಳಕೆದಾರರು ಏನು ಅನುಮತಿ ಕೊಟ್ಟಿದ್ದಾರೆಂದು ನೋಡಿಕೊಂಡು ವ್ಯವಸ್ಥೆಯು ಅದನ್ನು ಬ್ಯಾನರಾಗಿ ತೋರಿಸುತ್ತದೆ, ಇಲ್ಲವೇ ಸದ್ದಿಲ್ಲದೆ ಪಟ್ಟಿಗೆ ಸೇರಿಸುತ್ತದೆ, ಇಲ್ಲವೇ ತಡೆಯುತ್ತದೆ. ಜಾಲತಾಣದ ದಾರಿ ಬೇರೆ. ‘ಅಲೋ’ ಒತ್ತಿದೊಡನೆ ಬ್ರೌಸರ್ ಆ ತಾಣವನ್ನು ಚಂದಾದಾರಿಕೆಯಂತೆ ದಾಖಲಿಸಿಕೊಳ್ಳುತ್ತದೆ. ಮುಂದೆ ತಾಣದ ಸರ್ವರ್ ಕಳಿಸಿದ ಸಂದೇಶ ಬ್ರೌಸರ್ ಕಂಪನಿಯ ಪುಶ್ ಸೇವೆಯ ಮೂಲಕ ನೇರವಾಗಿ ಪರದೆಗೆ ಬರುತ್ತದೆ. ಆದ್ದರಿಂದ ಆ ಪುಟವನ್ನು ಮುಚ್ಚಿದರೂ ಸೂಚನೆ ನಿಲ್ಲುವುದಿಲ್ಲ, ಅನುಮತಿಯನ್ನೇ ಹಿಂತೆಗೆದುಕೊಳ್ಳಬೇಕು.

ನಿರ್ವಹಣೆಯ ವಿಧಾನ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ನೋಟಿಫಿಕೇಶನ್ಸ್ ಎಂಬ ಕ್ರಮದಲ್ಲಿ ಹೋದರೆ ಪ್ರತಿ ಆ್ಯಪ್‌ನ ಬ್ಯಾನರ್, ಸದ್ದು, ಲಾಕ್ ಪರದೆಯಲ್ಲಿ ವಿವರ ಮರೆಮಾಡುವಿಕೆ, ಆದ್ಯತೆಗಳನ್ನು ಬೇರೆ ಬೇರೆಯಾಗಿ ಹೊಂದಿಸಬಹುದು. ‘ಡು ನಾಟ್ ಡಿಸ್ಟರ್ಬ್’ ಅನ್ನು ನಿಗದಿತ ಗಂಟೆಗಳಿಗೆ ಕಟ್ಟಬಹುದು. ಪರದೆಯನ್ನು ಪ್ರೊಜೆಕ್ಟರಿನಲ್ಲಿ ನಕಲಾಗಿ ತೋರಿಸುವಾಗ ಅದು ತಾನೇ ಜಾರಿಗೆ ಬರುವಂತೆಯೂ ಮಾಡಬಹುದು. ಕಾಲೇಜುಗಳಲ್ಲಿ ಪಾಠ ಮಾಡುವವರಿಗೆ ಇದು ಬಹಳ ಉಪಯುಕ್ತ. ಮ್ಯಾಕ್‌ನಲ್ಲಿ 2021ರಿಂದ ‘ಫೋಕಸ್’ ಇದೆ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲೂ ಆ್ಯಪ್‌ವಾರು ಹತೋಟಿ ಉಂಟು.

ಕ್ರೋಮ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯೊಳಗಿನ ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ‘ನೋಟಿಫಿಕೇಶನ್ಸ್’ ತೆರೆದರೆ ಅನುಮತಿ ಪಡೆದ ತಾಣಗಳ ಪಟ್ಟಿ ಸಿಗುತ್ತದೆ. ಹೊಸ ತಾಣಗಳು ಅನುಮತಿ ಕೇಳುವುದನ್ನೇ ಅಲ್ಲಿ ನಿಲ್ಲಿಸಬಹುದು. ಈ ಕೋರಿಕೆಗಳ ಕಾಟ ಹೆಚ್ಚಾದ್ದರಿಂದಲೇ 2020ರ ಆರಂಭದಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಅವುಗಳನ್ನು ಸದ್ದಡಗಿಸುವ ಬದಲಾವಣೆ ತಂದವು.

ಸೇವಾ ಕೇಂದ್ರಗಳಲ್ಲಿ

ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಸಿಇಟಿ ಅರ್ಜಿ ಇತ್ಯಾದಿಗಳಿಗೆ ಬರುವ ಜನ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊಗಳನ್ನು ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸುವುದು ಸಾಮಾನ್ಯ. ವಾಟ್ಸ್‌ಆ್ಯಪ್ ವೆಬ್ (2015) ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ. ಊರಿನಲ್ಲಿರುವ ತಂದೆ ಕಳಿಸಿದ ಒಟಿಪಿ ಬ್ಯಾನರಿನಲ್ಲಿ ಮೂಡಿದರೆ ಪಕ್ಕದಲ್ಲಿ ನಿಂತ ಅಪರಿಚಿತರೂ ಓದಬಲ್ಲರು. ವಾಟ್ಸ್‌ಆ್ಯಪ್‌ನ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ಪ್ರಿವ್ಯೂ ತೆಗೆದುಹಾಕಿದರೆ ಸಂದೇಶ ಬಂದಿದ್ದು ಗೊತ್ತಾಗುತ್ತದೆ, ಒಳಗಿನ ಮಾತು ಹೊರಗೆ ಕಾಣುವುದಿಲ್ಲ. ಗ್ರಾಹಕರೇ ಬಳಸುವ ಕಂಪ್ಯೂಟರಿಗೆ ಪ್ರತ್ಯೇಕ ಯೂಸರ್ ಖಾತೆ ಅಥವಾ ಬ್ರೌಸರಿನ ಗೆಸ್ಟ್ ವಿಂಡೋ ಇಡುವುದು ಇನ್ನೂ ಭದ್ರ.

ವಂಚನೆಯ ಸೂಚನೆಗಳು

ಹಂಚಿಕೊಂಡ ಕಂಪ್ಯೂಟರಿನಲ್ಲಿ ಯಾರೋ ಒಬ್ಬರು ಸಿನಿಮಾ ಅಥವಾ ಫಲಿತಾಂಶ ಹುಡುಕುತ್ತಾ ‘ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂಬ ಪುಟಕ್ಕೆ ಒಪ್ಪಿಗೆ ಕೊಟ್ಟರೆ, ಅದರ ಫಲ ಮುಂದೆ ಬರುವವರೆಲ್ಲರಿಗೂ ತಟ್ಟುತ್ತದೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’, ‘ಆಂಟಿವೈರಸ್ ಅವಧಿ ಮುಗಿದಿದೆ’ ಎಂಬ ಸುಳ್ಳು ಎಚ್ಚರಿಕೆಗಳು ಹೀಗೆ ಬರುವಂಥವು. ಇಂಥ ಬ್ಯಾನರಿನಲ್ಲಿ ಬ್ರೌಸರಿನ ಹೆಸರೂ ತಾಣದ ವಿಳಾಸವೂ ಸಾಮಾನ್ಯವಾಗಿ ಕಾಣುತ್ತವೆ. ಅವೇ ಅಸಲಿ–ನಕಲಿ ಗುರುತಿಸುವ ಮೊದಲ ಸಾಧನ. ಇದಕ್ಕೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಕಾಗಿಲ್ಲ, ತಾಣದ ಅನುಮತಿ ತೆಗೆದರೆ ಬಹುತೇಕ ಸಾಕು. ಇಂಥ ಸುಳ್ಳು ಎಚ್ಚರಿಕೆಯಲ್ಲಿ ಕೊಟ್ಟ ನಂಬರಿಗೆ ಕರೆ ಮಾಡಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಬೇಕು.

ಉಳಿಸಬೇಕಾದವು

ಅಡ್ಡಿಗಳ ನಡುವೆ ದುಡಿಯುವವರು ಕೆಲಸವನ್ನು ಬೇಗ ಮುಗಿಸಿದರೂ ಹೆಚ್ಚು ಒತ್ತಡ, ಹತಾಶೆ ಅನುಭವಿಸುತ್ತಾರೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಹಾಗೆಂದು ಎಲ್ಲವನ್ನೂ ಮುಚ್ಚುವುದು ಸರಿಯಲ್ಲ. ಭದ್ರತಾ ತಂತ್ರಾಂಶದ ಎಚ್ಚರಿಕೆ, ಕರೆಂಟ್ ಹೋದಾಗ ಬ್ಯಾಟರಿಯ ಸೂಚನೆ, ಪ್ರಿಂಟರಿನ ದೋಷ, ತಿಂಗಳ ಕೊನೆಯ ಗಡುವು ನೆನಪಿಸುವ ಕ್ಯಾಲೆಂಡರ್ ಉಳಿಯಬೇಕು. ಖರೀದಿ, ಸುದ್ದಿ, ಆಟದ ಸೂಚನೆಗಳು ಪಟ್ಟಿಯಲ್ಲಿದ್ದರೆ ಸಾಕು, ಪರದೆಗೆ ಬರಬೇಕಾಗಿಲ್ಲ. ಈಗಲೇ ತಿಳಿಯದಿದ್ದರೆ ಯಾರಿಗಾದರೂ ನಷ್ಟವಾಗುತ್ತದೆಯೇ, ಪಕ್ಕದವರು ಓದಿದರೆ ಯಾರಿಗಾದರೂ ತೊಂದರೆಯಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಆ್ಯಪ್‌ಗೂ ಹಾಕಿಕೊಂಡರೆ ವಿಂಗಡಣೆ ಸುಲಭ. ಜನರ ದಾಖಲೆಗಳನ್ನು ನಂಬಿಕೆಯ ಮೇಲೆ ಪಡೆಯುವ ಅಂಗಡಿಯಲ್ಲಿ ಎರಡನೆಯ ಪ್ರಶ್ನೆಗೇ ಹೆಚ್ಚು ತೂಕ.