ಬ್ಯೂನಸ್ ಐರಿಸ್ಸಿನ ಛಾಯಾಕೃತಿಗಳು

ಅರ್ಜೆಂಟೀನಾ ದೇಶದಲ್ಲಿ 1976ನೆಯ ಇಸವಿಯ ಮಾರ್ಚಿ 24ರಂದು ಸೈನ್ಯಾಧಿಪತಿಗಳು ಪ್ರಭುತ್ವವನ್ನು ಕೈವಶಮಾಡಿಕೊಂಡ ತರುವಾಯ, ಸಾವಿರಾರು ಮಂದಿ ರಹಸ್ಯವಾಗಿ ಸೆರೆಹಿಡಿಯಲ್ಪಟ್ಟು ಕಾಣೆಯಾದರು. 1984ರ ವಿಚಾರಣಾ ಮಂಡಲಿಯು ಸುಮಾರು 9,000 ಪ್ರಕರಣಗಳನ್ನು ದಾಖಲೆಮಾಡಿತು. ಮಾನವಹಕ್ಕುಗಳ ಸಂಘಗಳು ಹೇಳುವ ಸಂಖ್ಯೆ 30,000. ಶವವಿಲ್ಲ, ಗೋರಿಯಿಲ್ಲ. ಇಂತಹ ಅಭಾವಕ್ಕೆ ರೂಪವನ್ನು ಕೊಡುವುದೆಂತು?

ರೊಡೊಲ್ಫೊ ಅಗೆರೆಬೆರಿ, ಹೂಲಿಯೊ ಫ್ಲೋರೆಸ್, ಗಿಯೆರ್ಮೊ ಕೆಕ್ಸೆಲ್ ಎಂಬ ಮೂವರು ಕಲಾವಿದರು ಉಪಾಯವೊಂದನ್ನು ಕಂಡರು. ಆಶ್‌ವಿಟ್ಸ್ ಶಿಬಿರದಲ್ಲಿ ದಿನವೊಂದಕ್ಕೆ ಸತ್ತವರಷ್ಟು ಪುಟ್ಟ ಆಕೃತಿಗಳನ್ನು ಸಾಲಾಗಿ ಮುದ್ರಿಸಿದ್ದ ಪೋಲೆಂಡಿನ ಭಿತ್ತಿಪತ್ರವೊಂದು ಅವರಿಗೆ ಪ್ರೇರಕವಾಗಿದ್ದಿತು. ಪ್ಲಾಸಾ ದೆ ಮಾಯೊ ಚೌಕದಲ್ಲಿ 1977ರಿಂದಲೂ ತಮ್ಮ ಮಕ್ಕಳೆಲ್ಲಿ ಎಂದು ಕೇಳುತ್ತಿದ್ದ ತಾಯಂದಿರ ಮೆರವಣಿಗೆಯು 1983ರ ಸೆಪ್ಟೆಂಬರ್ 21ರಂದು ನಡೆದಾಗ, ಕಾಗದದ ಸುರುಳಿಗಳೂ ಬಣ್ಣ ಕುಂಚಗಳೂ ಅಲ್ಲಿಗೆ ಬಂದುವು. ನೆರೆದವರು ಕಾಗದದ ಮೇಲೆ ಮಲಗಿದರು. ಇತರರು ಅವರ ಮೈಯ ಅಂಚನ್ನು ಹಿಡಿದು ಗೆರೆ ಎಳೆದರು. ಗರ್ಭಿಣಿಯ ಆಕೃತಿಗಾಗಿ ಹೊಟ್ಟೆಗೆ ದಿಂಬನ್ನಿಟ್ಟುಕೊಂಡುದೂ ಉಂಟು. ಅರ್ಧ ಗಂಟೆಯೊಳಗೆ ಕಲಾವಿದರ ಅಗತ್ಯವೇ ಉಳಿಯಲಿಲ್ಲ. ಆದುದರಿಂದ ಕೃತಿಯ ಕರ್ತೃತ್ವವನ್ನು ಆ ಮೂವರಿಗೇ ಕೊಡುವುದು ಯುಕ್ತವಲ್ಲ.

ಆಕೃತಿಗಳನ್ನು ನೆಲದ ಮೇಲೆ ಹಾಸಕೂಡದೆಂಬುದು ತಾಯಂದಿರ ನಿಬಂಧನೆ. ಮಲಗಿದ ಆಕೃತಿಯೆಂದರೆ ಸತ್ತವನೆಂದು ಒಪ್ಪಿದಂತೆ. ಅವರ ಬೇಡಿಕೆಯಾದರೋ ಮಕ್ಕಳು ಜೀವಸಹಿತ ಮರಳಬೇಕೆಂಬುದು. ಹಾಗಾಗಿ ಅವು ಗೋಡೆಗಳ ಮೇಲೂ ಮರಗಳ ಮೇಲೂ ಆಳೆತ್ತರಕ್ಕೆ ಎದ್ದು ನಿಂತುವು. ಯಾವ ಆಕೃತಿಗೂ ಹೆಸರಿರಬಾರದೆಂದು ಮೊದಲು ಗೊತ್ತುಮಾಡಿದ್ದರು, ಎಲ್ಲರೂ ಎಲ್ಲರ ಮಕ್ಕಳಾಗಿರಲೆಂದು. ಜನರು ಅದನ್ನು ಮೀರಿದರು. ತಮ್ಮವರ ಹೆಸರನ್ನೂ ಕಾಣೆಯಾದ ದಿನವನ್ನೂ ಬರೆದರು. ಈ ಮೀರಿಕೆಯಲ್ಲಿಯೇ ಕೃತಿಯ ಸತ್ತ್ವವಿರುವುದೆನ್ನಬೇಕು.

ಡಿಸೆಂಬರ್ 10ರಂದು ಸೈನ್ಯದ ಆಡಳಿತವು ಕೊನೆಗೊಂಡಿತು. ಅದೇ ತಿಂಗಳಿನಲ್ಲಿಯೂ 1984ರ ಮಾರ್ಚಿಯಲ್ಲಿಯೂ ಛಾಯಾಕೃತಿಗಳು ನಗರದಲ್ಲಿ ಮತ್ತೆ ನಿಂತುವು.