ಮೂಲೆಮಟ್ಟದ ಸತ್ಯಪರೀಕ್ಷೆ

1886ರಲ್ಲಿ ಈಜಿಪ್ಟಿನ ದೇರ್ ಎಲ್ ಮದೀನದಲ್ಲಿ ಮೂರು ಸಾವಿರ ವರ್ಷಗಳಿಗೂ ಹಳೆಯದಾದ ಸಮಾಧಿಯೊಂದು ದೊರೆಯಿತು. ಅರಸರ ಗೋರಿಗಳಲ್ಲಿ ದುಡಿದಿದ್ದ ಸೆನ್ನೆಜೆಮ್ ಎಂಬ ಕುಶಲಕರ್ಮಿಯದು ಅದು. ಅವನೊಡನೆ ಇರಿಸಿದ್ದ ವಸ್ತುಗಳಲ್ಲಿ ಮರದ ಮೂಲೆಮಟ್ಟವೂ ಇತ್ತು. ಆ ಊರಿನ ಕುಶಲಕರ್ಮಿಗಳಿಗಿದ್ದ ಬಿರುದು ‘ಸತ್ಯದ ತಾಣದ ಸೇವಕ’. ಈ ಬಿರುದು ಮೂಲೆಮಟ್ಟಕ್ಕೂ ಒಪ್ಪುವಂಥದೇ. ಬಡಗಿಯ ಕೆಲಸದಲ್ಲಿ ಲಂಬಕೋನ ಸರಿಯೋ ತಪ್ಪೋ ಎಂಬ ತೀರ್ಪು ಅದರದು. ಆದರೆ ತೀರ್ಪುಗಾರನನ್ನು ಪರೀಕ್ಷಿಸುವವರು ಯಾರು?

ಈ ಪ್ರಶ್ನೆ ಹಳೆಯದು. ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ವಾಸ್ತುತಜ್ಞ ವಿಟ್ರೂವಿಯಸ್, ಬಡಗಿಗಳು ಎಷ್ಟು ಶ್ರಮಪಟ್ಟರೂ ಮೂಲೆಮಟ್ಟ ಕರಾರುವಾಕ್ಕಾಗಿ ಬರುವುದು ಕಷ್ಟವೆಂದು ಬರೆದು, ಪೈಥಾಗೊರಸನ ಹೆಸರಿನಲ್ಲಿ ಒಂದು ಉಪಾಯವನ್ನು ಹೇಳುತ್ತಾನೆ. 3, 4, 5 ಅಡಿಗಳ ಮೂರು ಕೋಲುಗಳನ್ನು ತುದಿಗೆ ತುದಿ ಸೇರಿಸಿದರೆ ಲಂಬಕೋನ ತಾನಾಗಿ ಒದಗುತ್ತದೆ. ಯಜ್ಞವೇದಿಗಳನ್ನು ಹಗ್ಗದಿಂದ ಅಳೆಯುವ ವಿಧಾನವನ್ನು ವಿವರಿಸಿದ ನಮ್ಮ ಶುಲ್ಬಸೂತ್ರಕಾರ ಬೌಧಾಯನನಿಗೂ ಈ ಸಂಖ್ಯೆಗಳ ನಂಟು ತಿಳಿದಿತ್ತು. ಮೂಲೆಮಟ್ಟಕ್ಕೆ ಲ್ಯಾಟಿನ್ನಿನಲ್ಲಿ ‘ನಾರ್ಮ’ ಎಂದು ಹೆಸರು. ನಾವು ದಿನವೂ ಆಡುವ ‘ನಾರ್ಮಲ್’ ಎಂಬ ಮಾತು ಬಂದದ್ದು ಅದರಿಂದಲೇ.

ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಉಕ್ಕಿಗೆ ಆ ದೋಷವಿಲ್ಲ. 1879ರಲ್ಲಿ ಅಮೆರಿಕದ ಲರಾಯ್ ಸ್ಟಾರೆಟ್, ಉಕ್ಕಿನ ಅಳತೆಪಟ್ಟಿಯ ಮೇಲೆ ಜಾರುವ ತಲೆಯುಳ್ಳ ಮೂಲೆಮಟ್ಟಕ್ಕೆ ಪೇಟೆಂಟ್ ಪಡೆದ. ಮರುವರ್ಷ ಮಸಾಚುಸೆಟ್ಸಿನ ಅಥಾಲ್ ಪಟ್ಟಣದಲ್ಲಿ ಅದರ ತಯಾರಿಕೆಗೆಂದು ಸಂಸ್ಥೆಯೊಂದನ್ನು ತೆರೆದ. 90 ಡಿಗ್ರಿ, 45 ಡಿಗ್ರಿ, ಆಳ, ಎತ್ತರ ಎಲ್ಲಕ್ಕೂ ಒಂದೇ ಸಲಕರಣೆಯಾಯಿತು. ಆದರೆ ಜಾರುವ ಭಾಗವಿದ್ದಲ್ಲಿ ಸಡಿಲಕ್ಕೂ ಎಡೆಯುಂಟು. ಗರಗಸದ ಯಂತ್ರದ ಅಲಗನ್ನು ಮೇಜಿಗೆ ಲಂಬವಾಗಿ ನಿಲ್ಲಿಸಲು ಹೊರಟವನು, ತಲೆಯನ್ನು ಬಿಗಿಮಾಡಿದ ಮೇಲೂ ಪಟ್ಟಿ ಅಲುಗುವ ಮಟ್ಟವನ್ನು ಕೊಳ್ಳಲಾಗದು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಬಹು ಸರಳ. ಅಂಚು ನೇರವಾಗಿರುವ ಹಲಗೆಯೊಂದಕ್ಕೆ ಮಟ್ಟದ ಹಿಡಿಯನ್ನು ಒತ್ತಿ, ಚೂಪಾದ ಚೂರಿಯಿಂದ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸಾಚಾ. ಬೇರೆಯಾದರೆ, ಕಾಣುವ ಅಂತರ ನಿಜವಾದ ದೋಷದ ಎರಡರಷ್ಟು. 100 ಮಿಲಿಮೀಟರಿನಲ್ಲಿ 0.1 ಮಿಲಿಮೀಟರಿನ ತಪ್ಪು ಇಲ್ಲಿ 0.2 ಆಗಿ ಕಾಣುತ್ತದೆ. ಒಳಅಂಚು, ಹೊರಅಂಚು ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಕಣ್ಣಿಗೆ ಕಾಣದ ಅದೇ ತಪ್ಪು 600 ಮಿಲಿಮೀಟರ್ ಅಗಲದ ಬಾಗಿಲಿನಲ್ಲಿ 0.6 ಆಗುತ್ತದೆ. ಚೌಕಟ್ಟಿನ ಮೂರು ಮೂಲೆಗಳ ತಪ್ಪು ಒಟ್ಟಾಗಿ ನಾಲ್ಕನೆಯ ಮೂಲೆಯಲ್ಲಿ ಬಾಯ್ದೆರೆಯುತ್ತದೆ. ಆಗ ಬಡಗಿ ಬೈಯುವುದು ಮರವನ್ನು, ಇಲ್ಲವೆ ಯಂತ್ರವನ್ನು.

ಈ ಪರೀಕ್ಷೆಗೆ ಪ್ರಯೋಗಾಲಯ ಬೇಡ, ಇನ್ನೊಂದು ಮೂಲೆಮಟ್ಟದ ಸಾಕ್ಷಿಯೂ ಬೇಡ. ಮಗುಚಿ ಹಾಕಿದೊಡನೆ ಮೂಲೆಮಟ್ಟ ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುತ್ತದೆ. ಹೆಚ್ಚಿನ ಬೆಲೆ, ಹೆಸರಾಂತ ಮುದ್ರೆ ಇವೆಲ್ಲ ಭರವಸೆಗಳು ಮಾತ್ರ, ಪ್ರಮಾಣಗಳಲ್ಲ. ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದರೂ ಸಾಕು, ಅದನ್ನು ಹೊಸದಾಗಿ ಪರೀಕ್ಷಿಸಬೇಕು. ಸತ್ಯದ ತಾಣದ ಸೇವಕನಿಗೆ ಇಂಥ ಪರೀಕ್ಷೆ ಅವಮಾನವಲ್ಲ, ಅವನ ವೃತ್ತಿಧರ್ಮ.